ಒಂದು ದಿನದ ದಾರಿ

ಕೋಟಿನ ನಡುವಿನ ಗುಂಡಿ ಎಷ್ಟು ಎಳೆದರೂ ತೂತಿಗೆ ಎಟುಕಲೊಲ್ಲದು. ಮದುವೆಗೆ ಹೊಲಿಸಿದ ಕೋಟು. ಮೂವತ್ತೆಂಟು ವರ್ಷ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ಜೊತೆ ಬಿದ್ದುಕೊಂಡಿತ್ತು. ಸೆವ್ರಿನ್ ಬಾಯಿ ಸತ್ತ ಗಂಡನ ಹೊಟ್ಟೆಯನ್ನು ಎಡಗೈಯಿಂದ ಮೆಲ್ಲ ಒತ್ತಿ ಹಿಡಿದು ಬಲಗೈಯಿಂದ ಗುಂಡಿ ತಳ್ಳುತ್ತಿದ್ದಳು. ಆಗಲೇ ಎವ್ಜಿನ್ ಒಳಗೆ ಬಂದ. ಪಾಸ್ಕಲನ ಕಾಲ ಬುಡದಲ್ಲಿ ನಿಂತು ಶಿಲುಬೆಯ ಗುರುತು ಮಾಡಿದ. ಆಮೇಲೆ ಅದೇ ಕೈಯನ್ನು ಕಿಸೆಗೆ ಹಾಕಿ ಮಡಚಿದ ಕಾಗದವೊಂದನ್ನು ತೆಗೆದ.

“ವೊನ್ನಿ, ಇದಕ್ಕೊಂದು ಸೈನ್ ಹಾಕಿಬಿಡಿ. ಮತ್ತೆ ಗಡಿಬಿಡಿಯಲ್ಲಿ ಮರೆತುಹೋಗ್ತದೆ.”

ವೊನ್ನಿ ಎಂದರೆ ಅತ್ತಿಗೆ. ಎವ್ಜಿನ್ ಪಾಸ್ಕಲನ ಚಿಕ್ಕಪ್ಪನ ಮಗ, ಎದುರು ಮನೆಯವನು, ಸಾಲದ್ದಕ್ಕೆ ಇಗರ್ಜಿಯ ಈ ವಾರ್ಡಿನ ಗುರ್ಕಾರ. ಕ್ರೈಸ್ತರ ಮನೆಯಲ್ಲಿ ಸಾವಾದರೆ ಗುರ್ಕಾರನಿಲ್ಲದೆ ಒಂದು ಕಡ್ಡಿ ಅಲುಗುವುದಿಲ್ಲ. ಗಂಟೆ ಹೊಡೆಸುವುದು, ಗುಂಡಿ ತೋಡಿಸುವುದು, ಮೆರವಣಿಗೆಯ ಮುಂದೆ ಶಿಲುಬೆ ಹಿಡಿಯುವುದು, ಎಲ್ಲ ಅವನದೇ. ಎವ್ಜಿನ್ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಶಾಮಿಯಾನ ಬಂದಿತ್ತು, ಕುರ್ಚಿ ಬಂದಿತ್ತು, ಬಿ.ಸಿ.ರೋಡಿನಿಂದ ಬ್ಯಾಂಡಿನವರು ಬಂದಿದ್ದರು. ಇಲ್ಲದ್ದು ಒಂದೇ, ಹೆಣ ಹೊರಗೆ ಹೋಗಲು ದಾರಿ. ಆ ದಾರಿಯನ್ನು ಹನ್ನೊಂದು ವರ್ಷದ ಹಿಂದೆ ಗೋಡೆ ಕಟ್ಟಿ ಮುಚ್ಚಿದವನೂ ಇದೇ ಎವ್ಜಿನ್!

“ಎಂತ ಕಾಗದ?” ಸೆವ್ರಿನ್ ಬಾಯಿ ತಲೆ ಎತ್ತದೆ ಕೇಳಿದಳು.

“ದೊಡ್ಡದೇನಲ್ಲ. ಶುಕ್ರವಾರ ತಹಶೀಲ್ದಾರರ ಎದುರು ವಿಚಾರಣೆ ಉಂಟಲ್ಲ, ದಾರಿ ಬೇಕು ಅಂತ ಅಣ್ಣ ಕೊಟ್ಟ ಅರ್ಜಿಯದ್ದು. ಅವನೇ ಹೋದ ಮೇಲೆ ಅದೆಲ್ಲ ಯಾಕೆ? ಅರ್ಜಿ ಹಿಂದೆ ತಗೊಂಡಿದ್ದೇವೆ ಅಂತ ಒಂದು ಸೈನ್ ಸಾಕು. ಈಗಲೇ ಗೇಟು ತೆಗೆಸ್ತೇನೆ. ಅಣ್ಣ ಮರ್ಯಾದೆಯಲ್ಲಿ ಟಾರು ರೋಡಿನಲ್ಲಿ ಹೋಗ್ಲಿ. ಹೊಳೆಗೆ ಇಳಿಸಿ ಹೊತ್ತುಕೊಂಡು ಹೋಗುವುದು ನೋಡ್ಲಿಕ್ಕೆ ಚಂದವಾ? ಕ್ರಿಸ್ಮಸ್ ಹತ್ತಿರ ಬಂತು, ಆಗಮನ ಕಾಲ ಬೇರೆ. ಶಾಂತಿಯಲ್ಲಿ ಮುಗಿಸುವ.”

ಅಲ್ಲ, ಹೆಣದ ಕಾಲ ಬುಡದಲ್ಲಿ ನಿಂತು ಆಡುವ ಮಾತಾ ಇದು? ಸೆವ್ರಿನ್ ಬಾಯಿಯ ಕೈಯಿಂದ ಗುಂಡಿ ಮತ್ತೆ ಜಾರಿತು.

“ನನ್ನ ಗಂಡನಿಗೆ ಬಟ್ಟೆ ಹಾಕ್ತಾ ಇದ್ದೇನೆ. ಹೊರಗೆ ಹೋಗು,” ಎಂದಳು.

ಎವ್ಜಿನ್ ಬೇಸರ ಮಾಡಿಕೊಳ್ಳಲಿಲ್ಲ. ಕಾಗದವನ್ನು ಸ್ಟೂಲಿನ ಮೇಲೆ ಇಟ್ಟು, ಹಾರದಂತೆ ಅದರ ಮೇಲೆ ಪೆನ್ನು ಇಟ್ಟು ಹೊರಗೆ ಹೋದ.

*

ಪಾಸ್ಕಲನದು ದೊಡ್ಡ ಬದುಕೇನಲ್ಲ. ಬೆಳ್ತಂಗಡಿಯ ಬೇಕರಿಯೊಂದರಿಂದ ಹಿಂದಿನ ಸಂಜೆಯೇ ತಂದ ಬ್ರೆಡ್ಡು, ಬನ್ನು, ರಸ್ಕುಗಳನ್ನು ತಗಡಿನ ಪೆಟ್ಟಿಗೆಗೆ ತುಂಬಿಸಿ, ಸೈಕಲ್ಲಿನ ಹಿಂದೆ ಕಟ್ಟಿ, ಪೋಂ ಪೋಂ ಎಂದು ಹಾರ್ನು ಒತ್ತುತ್ತ ಮನೆಮನೆಗೆ ಮಾರುವವನು. ಚಾರ್ಮಾಡಿಯ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಯ ಮಕ್ಕಳು ಅವನ ಬನ್ನು ತಿಂದೇ ಶಾಲೆಗೆ ಹೋದವರು. ಬ್ಯಾರಿಗಳ ಮನೆಯಲ್ಲೂ ಬಂಟರ ಮನೆಯಲ್ಲೂ ಅವನು ಪೊರ್ಬು. ಈ ಕಡೆ ಕ್ರೈಸ್ತ ಗಂಡಸರನ್ನು ಕರೆಯುವುದೇ ಹಾಗೆ.

ಮನೆಯಿಂದ ಟಾರು ರೋಡಿಗೆ ಅರುವತ್ತು ಹೆಜ್ಜೆ. ಅಜ್ಜನ ಕಾಲದಿಂದ ಎಲ್ಲರೂ ನಡೆದ ದಾರಿ. ಎವ್ಜಿನ್ ಕುವೈಟಿನಿಂದ ಬಂದು ಎರಡು ಮಾಳಿಗೆಯ ಮನೆ ಎಬ್ಬಿಸಿದ. ಅದರ ಮರುವರ್ಷ ಕೆಂಪುಕಲ್ಲಿನ ಗೋಡೆ ಎದ್ದಿತು. ಗೋಡೆಯಲ್ಲೊಂದು ಕಬ್ಬಿಣದ ಗೇಟು, ಗೇಟಿಗೆ ಬೀಗ. “ಅಪ್ಪ ದಾಕ್ಷಿಣ್ಯಕ್ಕೆ ಬಿಟ್ಟ ಜಾಗ. ಇವತ್ತು ಕಾಲುದಾರಿ ಅಂತೀರಿ, ನಾಳೆ ಲಾರಿ ಹೋಗ್ಬೇಕು ಅಂತೀರಿ,” ಎಂಬುದು ಅವನ ವಾದ. ಅದರಲ್ಲೂ ಒಂದು ಕಾಳಿನಷ್ಟು ನ್ಯಾಯ ಇತ್ತೆಂದೇ ಇಟ್ಟುಕೊಳ್ಳಿ. ಲಾರಿ ತರುತ್ತೇನೆಂದು ಪಾಸ್ಕಲ್ ಹೇಳಿದ್ದು ಯಾವಾಗ? ಅವನ ಹತ್ತಿರ ಇದ್ದದ್ದು ಒಂದು ಸೈಕಲ್ಲು ಮಾರಾಯ್ರೆ.

ಆಮೇಲೆ ಪಾಸ್ಕಲ್ ಹಿತ್ತಿಲಿನಿಂದ ಹೊಳೆಗೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ, ಎರಡು ಅಡಿಕೆಮರ ಹಾಸಿದ ಕಾಲುಸಂಕ ದಾಟಿ, ರಬ್ಬರ್ ಗುಡ್ಡ ಸುತ್ತಿ, ಒಂದು ಕಿಲೋಮೀಟರು ನಡೆದು ಅದೇ ಟಾರು ರೋಡಿಗೆ ಬರುತ್ತಿದ್ದ. ಆಷಾಢದಲ್ಲಿ ಸಂಕ ನೀರಿನಡಿ ಹೋದಾಗ ಬ್ರೆಡ್ಡಿನ ಪೆಟ್ಟಿಗೆ ಅವನ ತಲೆಯ ಮೇಲೆ. ಅಷ್ಟು ಸುತ್ತಿ ಬಂದವನು ಮೊದಲು ನಿಲ್ಲುತ್ತಿದ್ದದ್ದು ಎಲ್ಲಿ? ಎವ್ಜಿನನ ಮನೆಯ ಮುಂದೆ! ಅವನ ತಾಯಿ ಅಪೊಲಿನ್ ಮುದುಕಿಗೆ ಹಲ್ಲಿರಲಿಲ್ಲ. ಹಾಲಿನಲ್ಲಿ ಅದ್ದಿದ ಬನ್ನು ಬಿಟ್ಟರೆ ಬೆಳಿಗ್ಗೆ ಬೇರೇನೂ ಇಳಿಯುತ್ತಿರಲಿಲ್ಲ.

“ನಿನಗೆ ನಾಚಿಕೆ ಅಂತ ಒಂದು ಉಂಟಾ?” ಸೆವ್ರಿನ್ ಬಾಯಿ ಉರಿದುಬೀಳುತ್ತಿದ್ದಳು. “ಕುತ್ತಿಗೆ ಹಿಡಿದು ಹೊಳೆಗೆ ದಬ್ಬಿದವನ ಮನೆಗೆ ಬನ್ನು ಕೊಡ್ತೀಯಲ್ಲ!”

“ಗೋಡೆ ಕಟ್ಟಿದ್ದು ಮುದುಕಿಯಾ?”

“ಅಂದ್ರೆ ದಾರಿ ಬಿಟ್ಟುಕೊಟ್ಟ ಹಾಗೆಯಾ?”

“ಯಾರು ಹೇಳಿದ್ದು? ಬನ್ನು ಬೇರೆ, ದಾರಿ ಬೇರೆ.”

ಅವನು ಬಿಟ್ಟುಕೊಟ್ಟಿರಲಿಲ್ಲ. ಪ್ರತಿ ವರ್ಷ ಆಗಮನ ಕಾಲದಲ್ಲಿ, ಕ್ರಿಸ್ಮಸ್ಸಿಗೆ ಮುಂಚೆ ಪಾಪನಿವೇದನೆಗೆ ಹೋಗುವ ದಿನ, ಇಸ್ತ್ರಿ ಅಂಗಿ ಹಾಕಿಕೊಂಡು ಎವ್ಜಿನನ ಜಗಲಿ ಹತ್ತುತ್ತಿದ್ದ. “ಎವ್ಜಿನ್, ಈ ವರ್ಷವಾದ್ರೂ ದಾರಿ ಬಿಡ್ತೀಯಾ?” ಎಂದು ಒಂದೇ ಒಂದು ಸಲ ಕೇಳುತ್ತಿದ್ದ. ಎವ್ಜಿನ್ ಕೂರಿಸಿ, ಕಾಫಿ ಕೊಟ್ಟು, “ನೋಡುವ ಅಣ್ಣ,” ಎನ್ನುತ್ತಿದ್ದ. ನಮ್ಮ ಕಡೆ ನೋಡುವ ಎಂದರೆ ಇಲ್ಲವೆಂದೇ ಅರ್ಥ. ಇಲ್ಲ ಎನ್ನಲು ಬೇಕಾದ ಪ್ರಾಮಾಣಿಕತೆಯೂ ಇಲ್ಲದವರು ಹೇಳುವ ಮಾತು ಅದು. ಹತ್ತು ಆಗಮನ ಕಾಲ, ಹತ್ತು ನೋಡುವ. ಈ ವರ್ಷ ಜೂನಿನಲ್ಲಿ ಸಂಕದ ಒಂದು ಮರ ಕೊಚ್ಚಿಹೋಗಿ ಅವನು ಪೆಟ್ಟಿಗೆ ಸಮೇತ ನೀರಿಗೆ ಬಿದ್ದ. ಮರುದಿನ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಬೆಳ್ತಂಗಡಿಗೆ ಹೋದ. ಅಜ್ಜನ ಕಾಲದ ನಕ್ಷೆಯಲ್ಲಿ ದಾರಿ ಇರುವುದನ್ನು ತೋರಿಸಿ ಅರ್ಜಿ ಕೊಟ್ಟು ಬಂದ. ಅದರ ಮಾರನೆಯ ಬೆಳಿಗ್ಗೆಯೂ ಮುದುಕಿಗೆ ಬನ್ನು ಹೋಯಿತು.

*

ಹತ್ತು ಗಂಟೆಯ ಹೊತ್ತಿಗೆ ಕಾಗದದ ಸುದ್ದಿ ಶಾಮಿಯಾನದ ತುಂಬ ಹರಡಿತ್ತು. ಹೆಂಗಸರು ಜಪಮಾಲೆಯ ನಡುವೆಯೇ ಪಿಸುಗುಟ್ಟಿದರು.

“ಒಂದು ಸೈನ್ ಹಾಕಿದ್ರೆ ಎಂತ ಹೋಗ್ತದೆ ಇವಳಿಗೆ? ಹೆಣ ಇಟ್ಟುಕೊಂಡು ಹಟವಾ?”

“ಪಾಪದ ಮನುಷ್ಯ ಪಾಸ್ಕು. ಯಾರ ಹತ್ತಿರವೂ ಜೋರು ಮಾತಾಡಿದವನಲ್ಲ. ಇವಳದ್ದೇ ಬಾಯಿ ಸ್ವಲ್ಪ ಹೆಚ್ಚು.”

ನೆರೆಮನೆಯ ಕಾಂತಿಗೆ ಕೇಳಿ ತಡೆಯಲಾಗಲಿಲ್ಲ. “ನೀವೆಲ್ಲ ಇವತ್ತು ಸಂಕ ದಾಟಿಯೇ ಬಂದದ್ದಲ್ವಾ? ಸೀರೆ ನೆರಿಗೆ ಎತ್ತಿಕೊಂಡು ಬೈತಾ ಬಂದ್ರಿ, ನಾನು ಕೇಳಿದ್ದೇನೆ. ಸೆವ್ರಿನ್ ಬಾಯಮ್ಮ ಹನ್ನೊಂದು ವರ್ಷ ಹೀಗೇ ಬಂದದ್ದು,” ಎಂದಳು. ಹೆಂಗಸರು ಜಪಮಾಲೆಗೆ ಮರಳಿದರು.

ಒಳಗೆ ಮಗಳು ನಿಖಿತಾ ತಾಯಿಯ ಮೊಣಕೈ ಹಿಡಿದುಕೊಂಡಿದ್ದಳು. ಮೂಡುಬಿದಿರೆಯ ಶಾಲೆಯಲ್ಲಿ ಟೀಚರು. ಅತ್ತು ಅತ್ತು ಕಣ್ಣು ಬಾತಿತ್ತು. “ಮಮ್ಮಿ, ಪಪ್ಪನನ್ನು ನೀರಿನಲ್ಲಿ ತಗೊಂಡು ಹೋಗುವುದು ನನಗೆ ನೋಡ್ಲಿಕ್ಕೆ ಆಗುವುದಿಲ್ಲ. ಕಾಲು ಜಾರಿದ್ರೆ? ಪಪ್ಪನ ಪೆಟ್ಟಿಗೆ ಬಿದ್ರೆ? ಸೈನ್ ಹಾಕಿಬಿಡು. ದಾರಿ ಸತ್ತುಹೋಗ್ಲಿ.”

ಸೆವ್ರಿನ್ ಬಾಯಿ ಸ್ಟೂಲಿನ ಮೇಲಿದ್ದ ಪೆನ್ನನ್ನು ನೋಡಿದಳು. ಮಗಳು ಹೇಳುವುದೂ ಸರಿಯೇ. ಇಷ್ಟು ವರ್ಷ ಹೊಳೆಯಲ್ಲೇ ಬಿದ್ದು ಎದ್ದ ಮನುಷ್ಯ ಕಡೆಯ ದಿನವಾದರೂ ಅರುವತ್ತು ಹೆಜ್ಜೆ ನೆಟ್ಟಗೆ ಹೋಗಬಾರದೇ?

ಫಾದರ್ ಕುರ್ಚಿ ಎಳೆದು ಹತ್ತಿರ ಕೂತರು. ಹೊಸಬರು, ಬಂದು ಎಂಟು ತಿಂಗಳು; ಯಾರ ಮನಸ್ಸನ್ನೂ ನೋಯಿಸಬಾರದೆಂಬ ಮುಖ. “ಬಾಯಿ, ಒತ್ತಾಯ ಅಲ್ಲ. ಆಗಮನ ಕಾಲದ ಎರಡನೇ ವಾರ ಇದು. ಮೊನ್ನೆ ಆದಿತ್ಯವಾರ ಅಷ್ಟೇ ಶಾಂತಿಯ ಮೇಣದಬತ್ತಿ ಹಚ್ಚಿದ್ದೇವೆ.”

“ಗೊತ್ತುಂಟು ಫಾದರ್. ಹಚ್ಚಿದ್ದು ಎವ್ಜಿನ್,” ಎಂದಳು ಸೆವ್ರಿನ್ ಬಾಯಿ. “ವಾಚನ ಓದಿದ್ದೂ ಎವ್ಜಿನ್. ಬರುವ ದೇವರಿಗೆ ದಾರಿ ಸರಿಮಾಡಿ, ಡೊಂಕಾದದ್ದನ್ನು ನೆಟ್ಟಗೆ ಮಾಡಿ ಅಂತ ಮೈಕಿನಲ್ಲಿ ಎಷ್ಟು ಚಂದ ಓದಿದ! ಪಾಸ್ಕು ನನ್ನ ಪಕ್ಕ ಕೂತು ಕೇಳಿದ. ಮರುದಿನ ಸತ್ತ. ಶಾಂತಿ ಅಂದ್ರೆ ಎಂತ ಫಾದರ್? ಬಾಯಿ ಮುಚ್ಚಿ ಕೂರುವುದಾ? ಹಾಗಾದ್ರೆ ನಮ್ಮ ಮನೆಯಷ್ಟು ಶಾಂತಿ ಇಡೀ ತಾಲೂಕಿನಲ್ಲಿ ಎಲ್ಲೂ ಇರ್ಲಿಕ್ಕಿಲ್ಲ. ಬೀಗ ಹಾಕಿದವನನ್ನು ನೀವು ಒಬ್ಬರಾದ್ರೂ ಶಾಂತಿ ಮಾಡು ಅಂತ ಕೇಳಿದ್ರಾ? ಯಾವಾಗಲೂ ಹೊರಗೆ ನಿಂತವರನ್ನೇ ಯಾಕೆ ಕೇಳುವುದು?”

ಫಾದರ್ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಮತ್ತೆ ಸೈನಿನ ಮಾತು ಎತ್ತಲಿಲ್ಲ, ಅಷ್ಟು ಒಳ್ಳೆಯತನ ಅವರಲ್ಲಿತ್ತು.

*

ಸೆವ್ರಿನ್ ಬಾಯಿ ಫಾದರಿಗೆ ಹೇಳದ ಮಾತೊಂದಿತ್ತು. ಅದು ಎರಡು ದಿನದಿಂದ ಅವಳ ಎದೆಯಲ್ಲಿ ಕೆಂಡದಂತೆ ಕೂತಿತ್ತು.

ಸೋಮವಾರ ಮಧ್ಯಾಹ್ನ ಪಾಸ್ಕಲ್ ಗಂಜಿಗೆ ಕೂತವನು ಎದೆ ಹಿಡಿದುಕೊಂಡ. ಫೋನು ಮಾಡಿದ ಐದೇ ನಿಮಿಷಕ್ಕೆ ಉಮ್ಮರನ ಆಟೋ ಟಾರು ರೋಡಿನಲ್ಲಿ, ಗೇಟಿನ ಆಚೆ ಬಂದು ನಿಂತಿತು. ಎವ್ಜಿನ್ ಇಗರ್ಜಿಯಲ್ಲಿ ಕ್ರಿಸ್ಮಸ್ಸಿನ ಗೋದಲಿ ಕಟ್ಟುವ ಕೆಲಸದಲ್ಲಿದ್ದ. ಕೀಲಿಕೈ ಅವನ ಕಿಸೆಯಲ್ಲಿ. ಅವನ ಫೋನು ಹೊಡೆದು ಹೊಡೆದು ನಿಂತಿತು. ಉಮ್ಮರ್ ಆಟೋದಿಂದ ಜಾಕಿಯ ಸಲಾಕೆ ತಂದು ಬೀಗಕ್ಕೆ ಸಿಕ್ಕಿಸಿದ.

“ಬಾಯಮ್ಮ, ಒಡೀತೇನೆ. ಒಂದೇ ಏಟಿಗೆ ಹೋಗ್ತದೆ.”

ಆಗ ಸೆವ್ರಿನ್ ಬಾಯಿ ಏನೆಂದಳು ಗೊತ್ತೇ? ಹನ್ನೊಂದು ವರ್ಷ ಹಾರೆ ತರುತ್ತೇನೆಂದು ಕೂಗಾಡಿದ ಅದೇ ಸೆವ್ರಿನ್ ಬಾಯಿ?

“ಬೇಡ ಉಮ್ಮರ್. ಶುಕ್ರವಾರ ವಿಚಾರಣೆ ಉಂಟು. ಮತ್ತೆ ಅದೊಂದು ಜಗಳ ಆಗ್ತದೆ.”

ಪ್ಲಾಸ್ಟಿಕ್ ಕುರ್ಚಿಯಲ್ಲಿ ಪಾಸ್ಕಲನನ್ನು ಕೂರಿಸಿ, ಸುತ್ತಿ ಬಂದ ಉಮ್ಮರ್ ಮತ್ತು ಕಾಂತಿಯ ಗಂಡ ಭೋಜ ಹೊಳೆಗೆ ಇಳಿಸಿದರು. ಪಾಸ್ಕಲನಿಗೆ ಎಚ್ಚರವಿತ್ತು. “ಪೆಟ್ಟಿಗೆಯಲ್ಲಿ ಹನ್ನೆರಡು ಬನ್ನು ಉಳಿದಿದೆ, ಹಾಳಾಗ್ತದೆ, ಯಾರಿಗಾದ್ರೂ ಕೊಡು,” ಎಂದ. ರಬ್ಬರ್ ಗುಡ್ಡದ ತಿರುವಿನಲ್ಲಿ ಅವನ ಕುತ್ತಿಗೆ ಒಂದು ಬದಿಗೆ ವಾಲಿತು. ನೆಟ್ಟಗೆ ಹೋಗಿದ್ದರೆ ಬದುಕುತ್ತಿದ್ದನೋ ಇಲ್ಲವೋ, ಯಾರಿಗೆ ಗೊತ್ತು? ಯಾರೂ ಹೇಳಲಾರರು. ಆದರೆ ‘ಬೇಡ’ ಎಂದದ್ದು ತನ್ನ ಬಾಯಿಯೇ ಎಂಬುದು ಅವಳಿಗೆ ಗೊತ್ತಿತ್ತು. ಎವ್ಜಿನನ ಶಾಂತಿ ಅವಳ ನಾಲಿಗೆಗೂ ಬೀಗ ಹಾಕಿ ಹೋಗಿತ್ತು.

*

“ನಿಖಿತಾ, ಆ ಕಾಗದ ತಗೊಂಡು ಹೊರಗೆ ಬಾ. ಎಲ್ಲರಿಗೂ ಕೇಳುವ ಹಾಗೆ ಓದು,” ಎಂದಳು ಸೆವ್ರಿನ್ ಬಾಯಿ.

ನಿಖಿತಾ ಓದಿದಳು. ಶಾಲೆಯಲ್ಲಿ ಓದುವ ಅಭ್ಯಾಸ. ಧ್ವನಿ ಶಾಮಿಯಾನದ ಕೊನೆಯ ಸಾಲಿಗೂ ಮುಟ್ಟಿತು. “ಸದರಿ ದಾರಿಯ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಈಗಲೂ ಮುಂದೆಯೂ ಯಾವುದೇ ಹಕ್ಕು ಇರುವುದಿಲ್ಲವೆಂದು ಶಾಂತಿಯುತವಾಗಿ, ಸ್ವಸಂತೋಷದಿಂದ ಒಪ್ಪಿ…” ಅಲ್ಲಿಗೆ ಅವಳ ಮಾತು ನಿಂತಿತು. ಕೆಳಗಿನ ತಾರೀಕನ್ನು ಇನ್ನೊಮ್ಮೆ ನೋಡಿದಳು.

“ಚಿಕ್ಕಪ್ಪ, ಇದು ನಿನ್ನೆ ಟೈಪ್ ಮಾಡಿಸಿದ್ದು. ನಿನ್ನೆ ನೀವು ನನ್ನ ಹೆಗಲ ಮೇಲೆ ಕೈ ಇಟ್ಟು, ಪಪ್ಪನ ಶವಪೆಟ್ಟಿಗೆಗೆ ಹೇಳ್ಲಿಕ್ಕೆ ಬೆಳ್ತಂಗಡಿಗೆ ಹೋಗಿ ಬರ್ತೇನೆ ಅಂದ್ರಲ್ಲ. ಆಗಲೇ ಮಾಡಿಸಿದ್ದಾ?”

ಎವ್ಜಿನನ ಕಿವಿ ಕೆಂಪಾಯಿತು. “ಅದು ವಕೀಲರ ಭಾಷೆ, ಹಾಗೇ ಇರ್ತದೆ,” ಎಂದ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದು ಗೇಟಿನತ್ತ ದಾಪುಗಾಲು ಹಾಕಿದ. ಬೀಗ ತೆಗೆದು ಎರಡೂ ಬಾಗಿಲನ್ನು ಗೋಡೆಗೆ ತಾಗುವಷ್ಟು ದೂಡಿದ. “ಆಯ್ತು! ಸೈನ್ ಬೇಡ, ಏನೂ ಬೇಡ. ಇವತ್ತಿಗೆ ಗೇಟು ತೆರೆದಿದ್ದೇನೆ. ಈಗ ಸಮಾಧಾನವಾ? ಎಲ್ಲ ಹೀಗೇ ಬನ್ನಿ.”

ಶಾಮಿಯಾನ ನಿಟ್ಟುಸಿರು ಬಿಟ್ಟಿತು. ಬ್ಯಾಂಡಿನವರು ಎದ್ದರು. ಪೆಟ್ಟಿಗೆ ಹೊರುವವರು ಸಾಲಾಗಿ ನಿಂತರು. ಗೇಟಿನಾಚೆ ಕಪ್ಪು ಟಾರು ರೋಡು ಬಿಸಿಲಿಗೆ ಹೊಳೆಯುತ್ತಿತ್ತು.

“ಇವತ್ತಿಗೆ,” ಎಂದಳು ಸೆವ್ರಿನ್ ಬಾಯಿ. “ನಾಳೆ ಬೆಳಿಗ್ಗೆ ನಾನು ಹಾಲು ತರ್ಲಿಕ್ಕೆ ಯಾವ ದಾರಿಯಲ್ಲಿ ಹೋಗ್ಬೇಕು ಎವ್ಜಿನ್?”

ಎವ್ಜಿನ್ ಗೇಟಿನ ಸರಳು ಹಿಡಿದು ನಿಂತ.

“ಹೇಳು. ನಾಳೆ ತೆರೆದಿರ್ತದಾ?”

“ಅದು… ನೋಡುವ ವೊನ್ನಿ.”

ಹತ್ತಾಗಿತ್ತು, ಇದು ಹನ್ನೊಂದನೆಯದು.

“ಒಂದು ದಿನದ ದಾರಿ ನಮಗೆ ಬೇಡ,” ಎಂದಳು ಅವಳು. “ಸತ್ತವನಿಗೆ ತೆರೆದು ಬದುಕಿದವರಿಗೆ ಮುಚ್ಚುವ ಗೇಟಿನಲ್ಲಿ ನನ್ನ ಗಂಡ ಹೋಗುವುದಿಲ್ಲ. ಅವನು ದಿನಾ ಹೋದ ಹಾಗೆಯೇ ಹೋಗ್ತಾನೆ. ಶುಕ್ರವಾರ ನಾನು ಬೆಳ್ತಂಗಡಿಗೆ ಬರ್ತೇನೆ. ನೀನೂ ಬಾ. ಉಮ್ಮರ್, ಪೆಟ್ಟಿಗೆ ಎತ್ತಿ.”

ನಿಖಿತಾ ತಾಯಿಯ ಮುಖ ನೋಡಿದಳು. ಕಣ್ಣು ಒರೆಸಿಕೊಂಡು, ಕಾಗದವನ್ನು ನಾಲ್ಕಾಗಿ ಹರಿದು, ತಂದೆಯ ಪೆಟ್ಟಿಗೆಯ ಒಂದು ಮೂಲೆಗೆ ತಾನೇ ಕೈ ಕೊಟ್ಟಳು.

ಜೂನಿನ ಮೇಲೆ ಮತ್ತೆ ಹಾಸಿದ ಎರಡು ಮರದ ಸಂಕ ಪೆಟ್ಟಿಗೆಯನ್ನೂ ಆರು ಮಂದಿಯನ್ನೂ ತಾಳುವಂತಿರಲಿಲ್ಲ. ಉಮ್ಮರ್, ಭೋಜ ಮತ್ತು ಉಳಿದವರು ನೇರ ನೀರಿಗೇ ಇಳಿದರು. ಡಿಸೆಂಬರಿನ ಹೊಳೆ, ಮೊಣಕಾಲಿನವರೆಗೆ ತಣ್ಣನೆಯ ನೀರು. “ನಿಧಾನ, ಎಡಕ್ಕೆ ಪಾಚಿ ಉಂಟು,” ಎಂದು ಭೋಜ ಹೇಳುತ್ತಿದ್ದ. ಹಿಂದೆ ಬಂದ ಸೆವ್ರಿನ್ ಬಾಯಿ ಸೀರೆ ಎತ್ತಲೂ ಇಲ್ಲ.

ದಡದಲ್ಲಿ ನೂರೈವತ್ತು ಜನ ನಿಂತಿದ್ದರು. ಹಿಂದೆ ತೆರೆದ ಗೇಟು, ಮುಂದೆ ನೀರು. ಇಸ್ತ್ರಿ ಪ್ಯಾಂಟು, ರೇಷ್ಮೆ ಸೀರೆ, ಪಾಲಿಶ್ ಹಾಕಿದ ಬೂಟು. ಸಂಕದ ಮೇಲೆ ಒಬ್ಬೊಬ್ಬರೇ ದಾಟಿದರೆ ಪೂಜೆಯ ಹೊತ್ತೇ ಮೀರಿಹೋಗುತ್ತಿತ್ತು. ಉಮ್ಮರನ ಹೆಂಡತಿ ಶಹರ್ಬಾನು ಬುರ್ಖಾವನ್ನು ಮುಷ್ಟಿಯಲ್ಲಿ ಒಟ್ಟುಮಾಡಿ ಮೊದಲು ಇಳಿದಳು. ಹಿಂದೆ ಕಾಂತಿ. ಆಮೇಲೆ ಫಾದರ್ ಬಿಳಿ ನಿಲುವಂಗಿ ಎತ್ತಿ, ಬೂಟು ಬಿಚ್ಚುವ ಪುರುಸೊತ್ತೂ ಇಲ್ಲದೆ ಇಳಿದರು. ಅವರನ್ನು ನೋಡಿ ಜಪಮಾಲೆಯ ಹೆಂಗಸರು, ಅವರ ಗಂಡಂದಿರು, ತುತ್ತೂರಿಗಳನ್ನು ತಲೆಯ ಮೇಲೆ ಹಿಡಿದ ಬ್ಯಾಂಡಿನವರು ಇಳಿದರು. ಮಂಡಿನೋವಿನ ನಾಲ್ಕೈದು ಮುದುಕರು ಮಾತ್ರ ಗೇಟಿನ ಕಡೆಗೆ ತಿರುಗಿದರು; ಅವರನ್ನು ಯಾರೂ ತಪ್ಪು ತಿಳಿಯಲಿಲ್ಲ.

ಸೆವ್ರಿನ್ ಬಾಯಿಗೆ ಖುಷಿಯೇನೂ ಆಗಲಿಲ್ಲ. ಹನ್ನೊಂದು ವರ್ಷ ಎಲ್ಲಿದ್ದಿರಿ ಎಂದು ತಿರುಗಿ ನಿಂತು ಕೇಳಬೇಕೆನಿಸಿತು. ಕೇಳಲಿಲ್ಲ. ಗಂಡನ ಹಿಂದೆ ನಡೆದಳು.

ಗುರ್ಕಾರನ ಶಿಲುಬೆ ಎವ್ಜಿನನ ಕೈಯಲ್ಲೇ ಉಳಿದಿತ್ತು. ಅವನು ಅರುವತ್ತು ಹೆಜ್ಜೆ ನಡೆದು, ಕಾರು ಹತ್ತಿ, ಎಲ್ಲರಿಗಿಂತ ಮೊದಲು ಇಗರ್ಜಿ ಮುಟ್ಟಿ ಮುಂದಿನ ಸಾಲಿನಲ್ಲಿ ನಿಂತಿದ್ದ.

ಬಲಿಪೂಜೆ ನಡೆಯಿತು. ಪ್ರಸಂಗದಲ್ಲಿ ಫಾದರ್ ಹೆಚ್ಚು ಮಾತಾಡಲಿಲ್ಲ. “ಇವರು ದಾರಿ ಕೇಳಿದರು. ನಾವು ಸುಮ್ಮನಿರಿ ಎಂದೆವು. ಅದನ್ನೇ ಶಾಂತಿ ಎಂದೆವು. ದೇವರು ನಮ್ಮನ್ನು ಕ್ಷಮಿಸಲಿ,” ಎಂದು ಪೀಠದಿಂದ ಇಳಿದರು. ಕೊನೆಗೆ ಪರಸ್ಪರ ಶಾಂತಿ ಹಂಚಿಕೊಳ್ಳುವ ಹೊತ್ತು ಬಂತು. ಜನ ಅತ್ತ ಇತ್ತ ತಿರುಗಿ ಕೈ ಮುಗಿದರು.

ಎವ್ಜಿನನೂ ಸೆವ್ರಿನ್ ಬಾಯಿಯ ಕಡೆಗೆ ತಿರುಗಿ ಕೈ ಮುಗಿದ. ಅವಳು ಮುಖ ತಿರುಗಿಸಲಿಲ್ಲ. ಕೈ ಮುಗಿಯಲೂ ಇಲ್ಲ. ನೆಲ ನೋಡಿದಳು. ಅವಳು ನೋಡಿದ್ದನ್ನೇ ಅವನೂ ನೋಡಿದ.

ಬಾಗಿಲಿನಿಂದ ಪೀಠದವರೆಗೆ ಇಗರ್ಜಿಯ ನೆಲವೆಲ್ಲ ಒದ್ದೆ. ಸೀರೆಯಂಚುಗಳಿಂದ ನೀರು ಇಳಿಯುತ್ತಿತ್ತು. ಬೆಂಚುಗಳ ಅಡಿಯಲ್ಲಿ ಹೊಳೆಯ ಮರಳು, ಪಾಚಿಯ ಎಳೆ, ಬರಿಗಾಲಿನ ಗುರುತುಗಳು. ಎವ್ಜಿನನ ಹೊಳೆಯುವ ಕರಿ ಬೂಟುಗಳ ಸುತ್ತ ಮಾತ್ರ ಒಂದು ಚೌಕದಷ್ಟು ನೆಲ ಒಣಗಿಕೊಂಡು ಹಾಗೇ ಇತ್ತು.